ದ್ವಂದ್ವವೂ ದಾಸೋಹವೂ

ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟಕ್ಕೆ ಚರಿತ್ರಾವಿಷಯಕವಾದ ಲೇಖನವೊಂದನ್ನು ಬರೆದೊಪ್ಪಿಸಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾಯಿತು. ಮಠದ ಗುರುಪರಂಪರೆಯನ್ನು ಕುರಿತು ಬಲ್ಲವರು ಬರೆಯುತ್ತಿರುವುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿರುವೆನು. ನಮ್ಮ ಸಾಹಿತ್ಯದಲ್ಲಿಯೂ ಸಮಾಜದಲ್ಲಿಯೂ ಎದುರುಬದುರಾಗಿ ನಿಂತಿರುವ ಜೋಡಿಗಳ ಚರಿತ್ರೆಯೇ ಆ ವಿಷಯವು. ಮೇಲು-ಕೀಳು, ಶುಚಿ-ಅಶುಚಿ, ಮಾರ್ಗ-ದೇಸಿ, ಎಡಗೈ-ಬಲಗೈ, ಸ್ಥಾವರ-ಜಂಗಮ, ಭಕ್ತ-ಭವಿ ಎಂಬಿವುಗಳಲ್ಲಿ ಕೆಲವು ನಮಗೆ ಪರಂಪರೆಯಿಂದ ಬಂದುವು, ಕೆಲವನ್ನು ನಾವೇ ಮಾಡಿಕೊಂಡೆವು. ಲೋಕವನ್ನು ಎರಡಾಗಿ ಸೀಳದೆ ಮನುಷ್ಯನಿಗೆ ಯೋಚಿಸಲು ಬಾರದೆಂದು ತಾರ್ಕಿಕರು ವಾದಿಸಬಹುದು. ಅದನ್ನು ಅವರಿಗೇ ಬಿಡೋಣ. ಚರಿತ್ರೆಯನ್ನು ನೋಡುವವನಿಗೆ ಬೇಕಾದ ಪ್ರಶ್ನೆಯು ಬೇರೆ. ಈ ಗೆರೆಯನ್ನು ಎಳೆದುದು ಯಾವ ಸ್ಥಳದಲ್ಲಿ? ನಮ್ಮ ದೇಶದ ಮಟ್ಟಿಗೆ ಉತ್ತರವು ಬಹು ಸರಳವಾಗಿರುವುದು. ಉಣ್ಣುವ ಪಾತ್ರೆಯ ಮೇಲೆ.

ಇದು ನನ್ನ ಕಲ್ಪನೆಯಲ್ಲ, ವ್ಯಾಕರಣಶಾಸ್ತ್ರದಲ್ಲಿಯೇ ಇರುವ ಮಾತು. ದ್ವಂದ್ವಸಮಾಸವನ್ನು ವಿಧಿಸುವಾಗ ಪಾಣಿನಿಯು ಅದಕ್ಕೆ ಕೊಟ್ಟಿರುವ ಅರ್ಥವು ಕೇವಲ 'ಮತ್ತು' ಎಂಬುದು. ರಾಮನೂ ಲಕ್ಷ್ಮಣನೂ ಸೇರಿದರೆ ರಾಮಲಕ್ಷ್ಮಣರು, ಅಷ್ಟೆ. ಆದರೆ ಜನ್ಮಹಗೆಗಳಾದವುಗಳ ಹೆಸರುಗಳನ್ನು ಸಮಾಸಮಾಡಿದಾಗ ಏಕವಚನವೇ ಬರತಕ್ಕದ್ದೆಂದು ಅವನು ಬೇರೊಂದು ಸೂತ್ರವನ್ನು ಮಾಡಿರುವನು. ವ್ಯಾಖ್ಯಾನಕಾರರು ಇದಕ್ಕೆ ಹಾವು-ಮುಂಗುಸಿಗಳನ್ನೂ ಬೆಕ್ಕು-ಇಲಿಗಳನ್ನೂ ಉದಾಹರಿಸುವರು. ಕ್ರಿ. ಪೂ. 2ನೆಯ ಶತಮಾನದ ಪತಂಜಲಿಯ ಮಹಾಭಾಷ್ಯದಲ್ಲಿ ಶ್ರಮಣ-ಬ್ರಾಹ್ಮಣರ ಜೋಡಿಯೂ ಈ ಸೂತ್ರದ ಉದಾಹರಣೆಯಾಗಿ ಬಂದಿದೆ. ಎಂದೆಂದಿಗೂ ಕೂಡದ ಎರಡನ್ನು ಶಾಸ್ತ್ರವು ಒಂದೇ ವಸ್ತುವೆಂಬಂತೆ ಭಾವಿಸಿ ಏಕವಚನವನ್ನು ಕೊಟ್ಟಿತು! ಹಾವಿಲ್ಲದಿದ್ದರೆ ಮುಂಗುಸಿಯ ಹಗೆತನಕ್ಕೆ ನೆಲೆಯೆಲ್ಲಿ? ಎದುರಾಳಿಗಳು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವರೆಂಬ ಗುಟ್ಟನ್ನು ವೈಯಾಕರಣರು ಅರಿತಿದ್ದರೋ ಏನೋ.

ಇದರ ಬೆನ್ನಿಗೇ ಬರುವ ಸೂತ್ರವು ಇನ್ನೂ ಮುಖ್ಯವಾದುದು. 'ಹೊರಹಾಕಲ್ಪಡದ' ಶೂದ್ರರ ಹೆಸರುಗಳು ದ್ವಂದ್ವವಾದಾಗಲೂ ಏಕವಚನವೇ ಬರುವುದೆಂದು ಅದು ಹೇಳುತ್ತದೆ. ಎಲ್ಲಿಂದ ಹೊರಹಾಕಲ್ಪಡದವರು? ಪತಂಜಲಿಯು ಈ ಪ್ರಶ್ನೆಯನ್ನೆತ್ತಿ ಒಂದೊಂದೇ ಉತ್ತರವನ್ನು ಪರೀಕ್ಷಿಸುತ್ತಾನೆ. ಆರ್ಯಾವರ್ತದಿಂದ ಎಂದರೆ ಸರಿಹೋಗದು, ಆರ್ಯರ ನಿವಾಸದಿಂದ ಎಂದರೂ ಸರಿಹೋಗದು. ಯಜ್ಞಕರ್ಮದಿಂದ ಎಂದರೆ, ಬಡಗಿ-ಕಮ್ಮಾರ, ಅಗಸ-ನೇಕಾರ ಎಂಬ ಸಮಾಸಗಳಿಗೆ ಏಕವಚನವು ದೊರೆಯದೆ ಹೋಗುವುದು. ಕಡೆಗೆ ಅವನು ಪಾತ್ರೆಗೆ ಬಂದು ನಿಲ್ಲುತ್ತಾನೆ. ಕೆಲವರು ಉಂಡ ಪಾತ್ರೆಯನ್ನು ಬೆಳಗಿದರೆ ಮತ್ತೆ ಉಪಯೋಗಕ್ಕೆ ಬರುವುದು, ಮತ್ತೆ ಕೆಲವರು ಉಂಡುದು ಏನು ಮಾಡಿದರೂ ಬಾರದು. ಮೊದಲನೆಯವರು ಒಳಗಿನವರು, ಎರಡನೆಯವರು, ಎಂದರೆ ಚಂಡಾಲಾದಿಗಳು, ಹೊರಗಿನವರು. ಹೀಗೆ ಒಂದು ಶಬ್ದಕ್ಕೆ ಏಕವಚನವೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ಶಾಸ್ತ್ರಕಾರನು ಅಡಿಗೆಮನೆಯ ಬಾಗಿಲಿನವರೆಗೆ ಹೋಗಬೇಕಾಯಿತು.

ಈ ಭಾಷ್ಯದ ಪುಟವನ್ನು ಓದಿದ ಶರಣಮಾರ್ಗದವನಿಗೆ ತಟ್ಟನೆ ಕೆಲವು ಹೆಸರುಗಳು ನೆನಪಿಗೆ ಬಾರದಿರವು. ಅಗಸನೆಂದರೆ ನಮಗೆ ಮಡಿವಾಳ ಮಾಚಯ್ಯನವರು, ನೇಕಾರನೆಂದರೆ ಜೇಡರ ದಾಸಿಮಯ್ಯನವರು. ಪಾತ್ರೆಯ ಒಳಗಿನವರೆಂದು ಪತಂಜಲಿಯು ಎಣಿಸಿದ ಜೋಡಿಯು ಇದು. ಅವನು ಹೊರಗಿಟ್ಟ ಪಂಕ್ತಿಯಲ್ಲಿ ನಮಗೆ ಮಾದಾರ ಚೆನ್ನಯ್ಯನವರಿರುವರು, ಡೋಹರ ಕಕ್ಕಯ್ಯನವರಿರುವರು, ಸಮಗಾರ ಹರಳಯ್ಯನವರಿರುವರು. ಈ ಎರಡು ಪಂಕ್ತಿಗಳ ನಡುವಣ ಗೆರೆಯನ್ನು ಬಸವಾದಿ ಪ್ರಮಥರು ವಾದದಿಂದ ಅಳಿಸಲು ಹೋಗಲಿಲ್ಲ. ದಾಸೋಹವೆಂಬ ಆಚಾರದಿಂದ, ಪ್ರಸಾದವೆಂಬ ಭಾವದಿಂದ, ನೇರವಾಗಿ ಪಾತ್ರೆಗೇ ಕೈಯಿಟ್ಟರು.

ಭಾಷೆಯಲ್ಲಿಯೂ ಅವರು ಇದನ್ನೇ ಮಾಡಿದರೆಂದು ನಾನು ಭಾವಿಸುತ್ತೇನೆ. ಕನ್ನಡ ಲಾಕ್ಷಣಿಕರಿಗೆ ಸಂಸ್ಕೃತ-ಕನ್ನಡಗಳ ಬೆರಕೆಯು ಬಹುಕಾಲದಿಂದ ಒಂದು ಕಂಟಕವಾಗಿತ್ತು. 9ನೆಯ ಶತಮಾನದ ಕವಿರಾಜಮಾರ್ಗವು ಎರಡು ಭಾಷೆಗಳ ಪದಗಳನ್ನು ಸಮಾಸದಲ್ಲಿ ಅಡಕಬಾರದೆಂದು ಎಚ್ಚರಿಸಿತು. 1112ರಲ್ಲಿ ಧರ್ಮಾಮೃತವನ್ನು ಬರೆದ ನಯಸೇನನು ಅಂತಹ ಬೆರಕೆಯನ್ನು ತುಪ್ಪಕ್ಕೆ ಎಣ್ಣೆಯನ್ನು ಬೆರಸುವುದಕ್ಕೆ ಹೋಲಿಸಿ ಹಳಿದನು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ಅರಿಸಮಾಸವೆಂದು ಹೆಸರಿಸಿ ದೋಷದ ಪಟ್ಟಿಗೆ ಸೇರಿಸಿದನು. ಬಿರುದಾವಳಿ ಮೊದಲಾದ ಕೆಲವೆಡೆಗಳಿಗೆ ಮಾತ್ರ ವಿನಾಯಿತಿಯನ್ನು ಕೊಟ್ಟನು. ಅರಿ ಎಂದರೆ ಹಗೆ. ಹಗೆಗಳನ್ನು ಒಂದೇ ಪದದಲ್ಲಿ ಕಟ್ಟಿಹಾಕಬಾರದೆಂಬುದು ಅವರ ಮತ. ಹೀಗಿರಲು ಬಸವಣ್ಣನವರ ಅಂಕಿತವನ್ನು ನೋಡಿರಿ. ಕೂಡಲ ಎಂಬುದು ಅಚ್ಚಗನ್ನಡ, ಸಂಗಮ ಎಂಬುದು ಸಂಸ್ಕೃತ. ಎರಡರ ಅರ್ಥವೂ ಒಂದೇ, ನದಿಗಳು ಕೂಡುವ ಸ್ಥಳ. ಕಟ್ಟುನಿಟ್ಟಾದ ವೈಯಾಕರಣನು ಕೆಂಪು ಮಸಿಯಿಂದ ಗುರುತುಹಾಕತಕ್ಕ ಅರಿಸಮಾಸವಿದು! ಕೃಷ್ಣೆಯೂ ಮಲಾಪಹಾರಿಯೂ ಕೂಡುವಲ್ಲಿ ನೆಲೆಸಿದ ದೇವರಿಗೆ ಎರಡು ಭಾಷೆಗಳೂ ಕೂಡಿ ಹೆಸರಾದುವು. ಊರಿನ ಹೆಸರು ಬಸವಣ್ಣನವರಿಗಿಂತ ಮೊದಲಿನಿಂದಲೂ ಇದ್ದುದೇ ಆದರೂ, ಸಾವಿರ ಬಾರಿ ಅದನ್ನು ಉಚ್ಚರಿಸಿ ಆ ದೋಷವನ್ನು ಕನ್ನಡದ ಅತ್ಯಂತ ಪರಿಚಿತವಾದ ಪದವನ್ನಾಗಿ ಮಾಡಿದವರು ಅವರೇ ಅಲ್ಲವೆ?

ಪಾತ್ರೆಯ ಗೆರೆಯನ್ನು ದಾಟಿದವರು ವಿವಾಹದ ಗೆರೆಯ ಬಳಿಗೆ ಬಂದುದು ಸಹಜವೇ ಆಗಿತ್ತು. ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳನ್ನು ಹರಳಯ್ಯನವರ ಮಗನಿಗೆ ಕೊಟ್ಟು ಮದುವೆಮಾಡಿದುದೂ, ಅದಕ್ಕಾಗಿ ಬಿಜ್ಜಳನು ಆ ತಂದೆಯರಿಬ್ಬರಿಗೂ ಕ್ರೂರಶಿಕ್ಷೆಯನ್ನು ವಿಧಿಸಿದುದೂ ನಮ್ಮ ಪುರಾಣಪರಂಪರೆಯಿಂದ ಸರ್ವವಿದಿತವಾಗಿವೆ. 1167ರ ಸುಮಾರಿಗೆ ಬಿಜ್ಜಳನ ಆಳಿಕೆಯು ಮುಗಿಯಿತು. ಶರಣರು ಕಲ್ಯಾಣವನ್ನು ಬಿಟ್ಟು ಚದುರಿದರು. ಚೆನ್ನಬಸವಣ್ಣನವರು ಉಳವಿಯ ಕಡೆಗೆ ತೆರಳಿದರು. ಒಂದು ಸಂಗತಿಯನ್ನು ಇಲ್ಲಿ ಗಮನಿಸತಕ್ಕದ್ದು. ಸಹಪಂಕ್ತಿಭೋಜನವನ್ನು ರಾಜಧಾನಿಯು ಹೇಗೋ ಸಹಿಸಿತು, ಮದುವೆಯನ್ನು ಸಹಿಸಲಿಲ್ಲ.

ಹಳೆಯ ಗೆರೆಯನ್ನು ಅಳಿಸಿದವರು ಹೊಸತೊಂದನ್ನು ಎಳೆದರು. ಅದು ಭಕ್ತ-ಭವಿ ಎಂಬುದು. ಭವದಲ್ಲಿ ಬಿದ್ದವನು ಭವಿ, ಲಿಂಗಸಂಬಂಧವನ್ನು ಪಡೆದವನು ಭಕ್ತ. ಈ ಶಬ್ದಗಳಲ್ಲಿ ಭಕ್ತ ಎಂಬುದು ಬಹು ಸ್ವಾರಸ್ಯವಾಗಿದೆ. 'ಭಜ್' ಎಂಬ ಧಾತುವಿಗೆ ಸೇವಿಸು ಎಂಬ ಅರ್ಥವಿರುವಂತೆ ಹಂಚು, ಪಾಲುಗೊಳ್ಳು ಎಂಬ ಅರ್ಥವೂ ಉಂಟು. ಭಾಗ, ವಿಭಾಗ, ವಿಭಜನೆ ಎಂಬುವೂ ಅದೇ ಧಾತುವಿನ ಮಕ್ಕಳು. ಇನ್ನೂ ಒಂದು ವಿಶೇಷವೆಂದರೆ ಸಂಸ್ಕೃತದಲ್ಲಿ ಬೇಯಿಸಿದ ಅನ್ನಕ್ಕೂ ಭಕ್ತವೆಂದೇ ಹೆಸರು. ಹಂಚಿಕೊಂಡು ಉಣ್ಣುವುದೂ ಸೀಳಿ ಬೇರೆಮಾಡುವುದೂ ಒಂದೇ ಬೇರಿನಿಂದ ಹೊರಟಿರುವುವು. ಹೊಸ ಗೆರೆಗೂ ಹಳೆಯದಕ್ಕೂ ಒಂದು ಮಹದಂತರವಿತ್ತು. ಕುಲದ ಗೆರೆಯನ್ನು ಯಾರೂ ದಾಟಲಾರರು, ಹುಟ್ಟಿದ ದಿವಸವೇ ಅದು ಮುಚ್ಚಿಹೋಗುವುದು. ಭವಿಯು ಬಯಸಿದ ಗಳಿಗೆಯಲ್ಲಿ ದೀಕ್ಷೆಯನ್ನು ಪಡೆದು ಈಚೆಗೆ ಬರಬಹುದಾಗಿತ್ತು. ಗೋಡೆಗೂ ಹೊಸ್ತಿಲಿಗೂ ಇರುವ ಭೇದವಿದು. ಆದರೂ ಹೊಸ್ತಿಲಿನ ಬಳಿ ಕಾವಲಿತ್ತು. ಭವಿಪಾಕವು ಭಕ್ತನಿಗೆ ಸಲ್ಲದೆಂಬ ನಿಯಮವು ಬಂದಿತು. ಭವಿಯಾದ ಬಿಜ್ಜಳನ ಸೇವೆಯಲ್ಲಿರುವರೆಂದು ಬಸವಣ್ಣನವರನ್ನೇ ಕೆಲವರು ಆಕ್ಷೇಪಿಸಿದರು. ಪಾತ್ರೆಯು ಮತ್ತೆ ಪಂಕ್ತಿಯ ನಡುವೆ ಬಂದು ಕುಳಿತಿತು.

ಸಾಹಿತ್ಯದಲ್ಲಿ ಈ ಗೆರೆಯು ಮಾಡಿದ ಕೋಲಾಹಲಕ್ಕೆ ಹರಿಹರ-ರಾಘವಾಂಕರ ಕಥೆಗಿಂತ ಉತ್ತಮವಾದ ಸಾಕ್ಷಿಯು ಬೇರೆ ಇಲ್ಲ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರನು ರಗಳೆಗಳಲ್ಲಿ ಶರಣರನ್ನಲ್ಲದೆ ಅನ್ಯರನ್ನು ಹಾಡಲಿಲ್ಲ. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಭವಿಯಾದ ಹರಿಶ್ಚಂದ್ರರಾಯನ ಕಾವ್ಯವನ್ನು ಬರೆದು ತಂದಾಗ ಗುರುವಿಗೆ ಕೋಪ ಬಂದಿತೆಂದೂ, ಶಿಷ್ಯನ ಹಲ್ಲುಗಳು ಉದುರಿದುವೆಂದೂ, ಶಿವಭಕ್ತರ ಚರಿತ್ರೆಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದುವೆಂದೂ ಪರಂಪರೆಯು ಹೇಳುತ್ತದೆ. ಸಿದ್ಧರಾಮಚಾರಿತ್ರ, ಸೋಮನಾಥಚಾರಿತ್ರ, ವೀರೇಶಚರಿತೆಗಳು ಹೀಗೆ ಪ್ರಾಯಶ್ಚಿತ್ತದಿಂದ ಹುಟ್ಟಿದುವೆಂಬುದು ಅದರ ಭಾವ. ಕಥೆಯು ನಡೆದುದೋ ಕಟ್ಟಿದುದೋ ಎಂಬ ಚರ್ಚೆಯು ನಮಗೆ ಬೇಡ. ಭಕ್ತಕಾವ್ಯ-ಭವಿಕಾವ್ಯ ಎಂಬ ವಿಭಾಗವು ಆ ಕಾಲದಲ್ಲಿ ಅಥವಾ ಅದಕ್ಕೆ ಸ್ವಲ್ಪ ತರುವಾಯ ಎಷ್ಟು ಬಲವಾಗಿತ್ತೆಂಬುದನ್ನು ಅದು ತೋರಿಸುತ್ತದೆ.

ಆದರೆ ದೋಷಿಯೆನಿಸಿದ ಆ ಕಾವ್ಯದಲ್ಲಿ ಏನಿದೆ? ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಇಬ್ಬರು ಅನಾಮಿಕ ಯುವತಿಯರು ಅರಣ್ಯದಲ್ಲಿ ರಾಯನ ಮುಂದೆ ಹಾಡುವರು. ಮೆಚ್ಚಿದ ರಾಯನು ಆಭರಣಗಳನ್ನು ಕೊಡಲು ಬಂದರೆ ಅವರು ಬೆಳ್ಗೊಡೆಯನ್ನು ಕೇಳುವರು. ಅದಾಗದೆನ್ನಲು ತಮ್ಮನ್ನು ಮದುವೆಯಾಗೆನ್ನುವರು. ಕುಲದ ಮಾತನ್ನೆತ್ತಿ ರಾಯನು ನಿರಾಕರಿಸಿದಾಗ ಆ ಹೆಣ್ಣುಮಕ್ಕಳು ಹೂಡುವ ವಾದವು ನನ್ನ ತಿಳಿವಿಗೆ ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಅನ್ಯತ್ರ ದುರ್ಲಭವಾದುದು. ನಮ್ಮ ಹಾಡನ್ನು ಕೇಳಿದ ಕಿವಿ ಕೆಡಲಿಲ್ಲ, ರೂಪವನ್ನು ನೋಡಿದ ಕಣ್ಣು ಕೆಡಲಿಲ್ಲ, ಮೈಗಂಪನ್ನುಂಡ ಮೂಗೂ ಕೆಡಲಿಲ್ಲ. ಐದು ಇಂದ್ರಿಯಗಳಲ್ಲಿ ಮುಟ್ಟುವುದೊಂದಕ್ಕೆ ಮಾತ್ರ ಅಧಿಕವಾದ ಮಡಿ ಬಂದುದೆಲ್ಲಿಂದ ಎಂಬುದು ಅವರ ಪ್ರಶ್ನೆಯ ಸಾರ. ರಾಯನಲ್ಲಿ ಅದಕ್ಕೆ ತಕ್ಕ ಉತ್ತರವಿಲ್ಲ, ಕೋಪ ಮಾತ್ರವಿದೆ. ಅಲ್ಲಿ ಗದರಿಸಿ ಅಟ್ಟಿದ ಅದೇ ರಾಯನು ಮುಂದೆ ಕಾಶಿಯಲ್ಲಿ ಅನಾಮಿಕನಾದ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಸುಡುಗಾಡನ್ನು ಕಾಯುವನು. ಕುಲವೆಂಬ ಇಬ್ಬಗೆಯನ್ನು ಇಷ್ಟು ನಿಶಿತವಾಗಿ ಪ್ರಶ್ನಿಸಿದ ಭಾಗವು ಭಕ್ತಚರಿತ್ರೆಯಲ್ಲಿ ಬಾರದೆ, ಭವಿಯ ಕಥೆಯೆಂದು ಗುರುವು ಮುನಿದ ಗ್ರಂಥದಲ್ಲಿ ಬಂದಿರುವುದು ಆಲೋಚಿಸತಕ್ಕ ವಿಷಯ. ಹರಿಹರನ ಮೇಲೆ ನನಗಿರುವ ಭಕ್ತಿಗೆ ಇದರಿಂದ ಕುಂದಿಲ್ಲ. ಆದರೂ ಶಿಷ್ಯನ ಹಲ್ಲುಗಳು ಬಿದ್ದುದೇ ನಿಜವಾದರೆ ಅವು ಅನ್ಯಾಯವಾಗಿ ಬಿದ್ದುವೆಂದೇ ಹೇಳುವೆನು.

ಹೊಸ್ತಿಲು ಗೋಡೆಯಾದುದು ಯಾವಾಗ ಎಂದು ನಿಷ್ಕರ್ಷಿಸಿ ತಿಥಿಯನ್ನು ಕೊಡುವುದು ಸಾಧ್ಯವಲ್ಲ. ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ಲಕ್ಕಣ್ಣ ದಂಡೇಶ ಮೊದಲಾದವರ ಪ್ರೋತ್ಸಾಹದಿಂದ ವಿರಕ್ತರು ವಚನಗಳನ್ನು ಸಂಕಲಿಸಿ ಕಾಪಾಡಿದರು. ಆ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಸಮಾಜದಲ್ಲಾದರೋ ಭಕ್ತನ ಮಗನು ಭಕ್ತ, ಭವಿಯ ಮಗನು ಭವಿ ಎಂಬಂತಾಯಿತು. ಕೂಸಿಗೆ ಲಿಂಗವನ್ನು ಕಟ್ಟುವ ಪವಿತ್ರವಾದ ಆಚಾರವೇ ಹೊರಗಿನವನಿಗೆ ಬಾಗಿಲನ್ನು ಮುಚ್ಚುವ ಕಾರಣವೂ ಆಯಿತು. ಬೇರೆಬೇರೆ ಕಾಯಕಗಳಿಂದ ಬಂದ ಶರಣರ ವಂಶಗಳು ಒಳಪಂಗಡಗಳಾಗಿ, ಒಂದು ಇನ್ನೊಂದಕ್ಕೆ ಹೆಣ್ಣು ಕೊಡದೆ ಹೆಣ್ಣು ತಾರದೆ ನಿಂತುವು. ಸ್ಥಾವರ-ಜಂಗಮವೆಂಬ ಜೋಡಿಗೂ ಇದೇ ಗತಿಯೊದಗಿತು. ಸಂಚರಿಸುವ, ಎಲ್ಲಿಯೂ ಅಂಟದ, ಜ್ಞಾನವೇ ರೂಪಾದ ತತ್ತ್ವಕ್ಕೆ ಜಂಗಮವೆಂಬ ಹೆಸರನ್ನಿತ್ತವರು ಶರಣರು. ಆ ಶಬ್ದವೇ ಹುಟ್ಟಿನಿಂದ ಬರುವ ಒಂದು ಕುಲದ ಹೆಸರಾಯಿತು. ಹಳೆಯ ಕ್ರಯಪತ್ರ, ಮರಣಶಾಸನಗಳಲ್ಲಿ ಬರುವ 'ಸ್ಥಾವರ ಜಂಗಮ ಆಸ್ತಿ' ಎಂಬ ಮಾತನ್ನು ಓದಿದಾಗಲೆಲ್ಲಾ ನನಗೆ ನಗುವೂ ವ್ಯಥೆಯೂ ಒಟ್ಟಿಗೆ ಬರುವುವು. ಮಠಗಳಿಗೂ ಈ ಎರಡು ಬಗೆಯ ಆಸ್ತಿಗಳು ಉಂಟಾಗಿದ್ದುವು. 1955ರ ಧಾರ್ಮಿಕ ಇನಾಮು ರದ್ದಿಯಾತಿಯ ಕಾನೂನು ಮೈಸೂರು ಸೀಮೆಯಲ್ಲಿ ಸ್ಥಾವರದ ಭಾಗವನ್ನು ಬಹಳಮಟ್ಟಿಗೆ ಹಗುರಮಾಡಿತು.

ಎಡಗೈ-ಬಲಗೈಗಳ ಕಥೆಯು ಇಂದಿನ ತರುಣರಿಗೆ ತಿಳಿಯದು. ಆದುದರಿಂದ ಸ್ವಲ್ಪ ವಿಸ್ತರಿಸುವೆನು. ಮೈಸೂರು ಸೀಮೆಯಲ್ಲಿ ವ್ಯಾಪಾರ, ಕೃಷಿ, ಕಸಬುಗಳ ಜಾತಿಗಳೆಲ್ಲಾ ಹದಿನೆಂಟು ಪಣದವರು, ಒಂಬತ್ತು ಪಣದವರು ಎಂದು ಎರಡು ಪಕ್ಷಗಳಾಗಿ ಒಡೆದಿದ್ದುವು. ಮೊದಲನೆಯವರು ಬಲಗೈಯವರು, ಎರಡನೆಯವರು ಎಡಗೈಯವರು. 1897ರಲ್ಲಿ ಪರಿಷ್ಕೃತವಾಗಿ ಪ್ರಕಟವಾದ ಮೈಸೂರು ಗ್ಯಾಸೆಟಿಯರಿನಲ್ಲಿ ಲೂಯಿ ರೈಸ್ ಮಹಾಶಯರು ಈ ಪಟ್ಟಿಗಳನ್ನು ಕೊಟ್ಟಿರುವರು. ಬಲಗೈಗೆ ಬಣಜಿಗರು ಮುಂದಾಳುಗಳು, ಎಡಗೈಗೆ ಪಾಂಚಾಳರೂ ನಗರ್ತರೂ. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬಗಳನ್ನು ನೆಡುವ ಹಕ್ಕು ತಮ್ಮದೊಬ್ಬರದೇ, ಎಡಗೈಯವರು ಹನ್ನೊಂದಕ್ಕೆ ನಿಲ್ಲಬೇಕೆಂದು ಬಲಗೈಯವರ ವಾದ. ಮೆರವಣಿಗೆಯಲ್ಲಿ ಕುದುರೆ ಏರುವುದರ ಮೇಲೆಯೂ ಇಂತಹದೇ ಜಗಳ. ಒಂದು ಕಂಬಕ್ಕಾಗಿ ಪೇಟೆಗಳಲ್ಲಿ ತಲೆಗಳು ಒಡೆದುವೆಂದರೆ ಈಗ ಯಾರು ನಂಬುವರು! ಆ ಪಟ್ಟಿಗಳನ್ನು ಮತ್ತೊಮ್ಮೆ ನೋಡಿದರೆ ಅಗಸರು ಬಲಗೈಯಲ್ಲಿರುವರು, ದೇವಾಂಗ ನೇಕಾರರು ಎಡಗೈಯಲ್ಲಿರುವರು. ಅಸ್ಪೃಶ್ಯರೆನಿಸಿದವರಲ್ಲಿಯೂ ಹೊಲೆಯರು ಬಲಕ್ಕೆ, ಮಾದಿಗರು ಎಡಕ್ಕೆ. ಪತಂಜಲಿಯು ಒಂದೇ ಸಮಾಸದಲ್ಲಿ ಕಟ್ಟಿ ಏಕವಚನವನ್ನು ಕೊಟ್ಟ ಅಗಸ-ನೇಕಾರರು, ಅನುಭವಗೋಷ್ಠಿಯ ಪರಂಪರೆಯಲ್ಲಿ ಒಂದೇ ಗದ್ದಿಗೆಯ ಮಾನವನ್ನು ಪಡೆದ ಮಾಚಯ್ಯ-ದಾಸಿಮಯ್ಯನವರ ಕಾಯಕದವರು, ಹೀಗೆ ಚಪ್ಪರದ ಕಂಬವನ್ನು ಎಣಿಸುತ್ತ ಎದುರುಬದುರಾದರು. ಪೂಜೆಯ ಸಮಯದಲ್ಲಿ ಇಷ್ಟಲಿಂಗವು ಬಿಜಯಂಗೈಯುವುದು ಎಡದ ಅಂಗೈಯ ಮೇಲೆ ಎಂಬುದು ಬಲಗೈ ಪಕ್ಷದ ಲಿಂಗವಂತರಿಗೆ ನೆನಪಾಗಲಿಲ್ಲವೆಂದು ತೋರುತ್ತದೆ.

ಇಪ್ಪತ್ತನೆಯ ಶತಮಾನದ ಕಥೆಯು ಓದುಗರಿಗೆ ಹೆಚ್ಚು ಪರಿಚಿತವಾದುದು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1909ರಲ್ಲಿ ಮಲಾಪಹಾರಿಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆಯು ಆರಂಭವಾಯಿತು. 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಾಗ, ತಾಳೆಗರಿಯ ಕಟ್ಟುಗಳಲ್ಲಿ ಪೂಜೆಗೊಳ್ಳುತ್ತಿದ್ದ ಮಾತುಗಳು ಮನೆಮನೆಗೂ ಬಂದು, ನಾವು ನಡೆಯುತ್ತಿರುವುದಕ್ಕೂ ಶರಣರು ನುಡಿದುದಕ್ಕೂ ಇರುವ ದೂರವನ್ನು ಕಣ್ಣಮುಂದೆ ಇಟ್ಟುವು. ಊರೂರಿನಲ್ಲಿ ಎದ್ದ ಪ್ರಸಾದನಿಲಯಗಳಲ್ಲಿ ಬಹಳಷ್ಟು ಮೊದಲು ಸಮಾಜದ ಬಾಲಕರಿಗೆ ಮಾತ್ರವೇ ಇದ್ದುವೆಂಬುದನ್ನು ಮರೆಮಾಚಬೇಕಾದುದಿಲ್ಲ. ಬಡತನದಲ್ಲಿ ಮೊದಲು ತನ್ನ ಮಕ್ಕಳನ್ನು ನೋಡಿಕೊಳ್ಳುವುದು ಲೋಕದ ರೂಢಿ. ಆ ಬಾಗಿಲನ್ನು ಸರ್ವರಿಗೂ ತೆರೆದವರೂ ಮಠಾಧಿಪತಿಗಳೇ. 1941ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಿದ್ಧಗಂಗೆಯನ್ನು ನಡೆಸಿದ ಶ್ರೀ ಶಿವಕುಮಾರ ಸ್ವಾಮಿಗಳವರ ಪ್ರಸಾದದ ಪಂಕ್ತಿಯಲ್ಲಿ ಕುಲಮತಗಳ ಭೇದವಿಲ್ಲದೆ ಸಾವಿರಾರು ಬಾಲಕರು ಕುಳಿತರು. 1950ರಲ್ಲಿ ರಾಜ್ಯಾಂಗವು 17ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿದಾಗ, ಕಾನೂನು ಹೇಳಿದುದನ್ನು ಅಡಿಗೆಮನೆಯಲ್ಲಿ ನಡೆಸಿ ತೋರಿಸುವ ಭಾರವು ಇಂತಹ ಕ್ಷೇತ್ರಗಳ ಮೇಲೆ ಬಿದ್ದಿತು. ಎಲ್ಲ ಕಡೆಗಳಲ್ಲಿಯೂ ಅದು ಒಂದೇ ವೇಗದಿಂದ ನಡೆಯಲಿಲ್ಲ. ನಾನು ಬಾಲ್ಯದಲ್ಲಿ ಓದಿದ ಒಂದು ಪಾಠಶಾಲೆಯಲ್ಲಿ, ರಾಜ್ಯಾಂಗವು ಬಂದು ಮೂವತ್ತು ವರ್ಷಗಳಾದ ಮೇಲೆಯೂ, ವಟುಗಳ ಪಂಕ್ತಿ ಒಂದು, ಇತರ ಭಕ್ತರ ಮಕ್ಕಳ ಪಂಕ್ತಿ ಒಂದು ಎಂದು ಎರಡು ಇದ್ದುವು. ಎರಡಕ್ಕೂ ಬಡಿಸುತ್ತಿದ್ದ ಅಂಬಲಿಯು ಮಾತ್ರ ಒಂದೇ ಹಂಡೆಯದು.

ಇಂದು ನಮ್ಮ ಶ್ರೀಮಠದಲ್ಲಿ ಅಂತಹ ಎರಡು ಪಂಕ್ತಿಗಳಿಲ್ಲ. ಪತಂಜಲಿಯು ಪಾತ್ರೆಯಿಂದ ಹೊರಗಿಟ್ಟವರ ಕುಲದ ಹುಡುಗರೂ ಇಲ್ಲಿ ಆ ಸೂತ್ರವನ್ನು ಬಾಯಿಪಾಠ ಮಾಡುವರು, ಉಂಡು ತಟ್ಟೆ ತೊಳೆದು ಉಳಿದವರ ತಟ್ಟೆಗಳ ಮೇಲೆಯೇ ಒಟ್ಟುವರು. ಪಾತ್ರೆಯ ಮೇಲಣ ಗೆರೆಯು ಅಳಿಸಿಹೋಗಲು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಹಿಡಿಯಿತೆನ್ನಬಹುದು. ಆದರೆ ಕಲ್ಯಾಣವು ಹಾಳಾದುದು ಪಾತ್ರೆಗಾಗಿ ಅಲ್ಲ, ಮದುವೆಗಾಗಿ. ವಧೂವರರ ವಿಷಯವಾಗಿ ಪೂಜ್ಯರ ಅಪ್ಪಣೆಯನ್ನು ಕೇಳಲು ಬರುವ ಸದ್ಭಕ್ತರು ಈಗಲೂ ಬಹಳ ಜನರಿರುವರು. ಅವರು ಬರೆದು ತರುವ ಚೀಟಿಯಲ್ಲಿ ಹುಡುಗಿಯ ಹೆಸರು, ವಯಸ್ಸು, ವಿದ್ಯೆಗಳಾದ ಮೇಲೆ ನಾಲ್ಕನೆಯ ಸಾಲಿನಲ್ಲಿ ಒಳಪಂಗಡವೆಂದು ಬರೆದಿರುತ್ತದೆ. ಆ ಸಾಲನ್ನು ಬರೆಯದೆ ತಂದ ಚೀಟಿಯನ್ನು ನಾನು ಇದುವರೆಗೆ ಎರಡು ಬಾರಿ ಮಾತ್ರ ನೋಡಿರುವೆನು.